ಅಪ್ಪನ ಕಂಬಕ್ಕೆ ಒರಗಿಸಿದ ಟೀವಿ

ಲೋತೊಮಾಲು, ಸವಾಯಿ ದ್ವೀಪ
ಮಾರ್ಚ್ ೪

ಪೂರ್ವದ ಕಂಬಗಳಿಗೆ ಒರಗಿ ಕುಳಿತ ಗಣ್ಯರೇ, ಪಶ್ಚಿಮದ ಕಂಬಗಳಿಗೆ ಒರಗಿ ತೂಕಡಿಸುತ್ತಿರುವ ಮಾನ್ಯರೇ, ಮುಂಭಾಗದಲ್ಲಿ ಕುಳಿತು ಮಾತಿನಿಂದಲೇ ಮೀನು ಹಿಡಿಯಬಲ್ಲ ವಾಗ್ಮಿಗಳೇ, ಹಿತ್ತಲಲ್ಲಿ ಅಡುಗೆಯ ಹೊಗೆ ಕುಡಿಯುತ್ತಿರುವ ಬಂಧುಗಳೇ, ಹಾಗೂ ಇವುಗಳಲ್ಲಿ ಯಾವ ಕಂಬಕ್ಕೂ ಒರಗದೆ ಆಕ್ಲೆಂಡಿನ ಸೋಫಾಕ್ಕೆ ಒರಗಿರುವ ನನ್ನ ಒಬ್ಬನೇ ತಮ್ಮ ಫಲನಿಕೊನೇ,

ಯಾರದಾದರೂ ಪದವಿ ಬಿಟ್ಟುಹೋಗಿದ್ದರೆ ಮನ್ನಿಸಿ, ಯಾರನ್ನಾದರೂ ಹೆಚ್ಚು ಹೊಗಳಿದ್ದರೆ ಅದನ್ನೂ ಮನ್ನಿಸಿ. ನೀನು ಕಳಿಸಿದ ಪೆಟ್ಟಿಗೆಗಳು ತಲುಪಿದವು ಎಂಬ ವಾರ್ತೆಯನ್ನು ಈ ಮಹಾಸಭೆಯ ಮುಂದೆ ಇಡುತ್ತಿದ್ದೇನೆ.

ಒಂದರಲ್ಲಿ ಡಿಶ್ಶು, ಇನ್ನೊಂದರಲ್ಲಿ ನಮ್ಮ ಹಂದಿಗೂಡಿನ ಬಾಗಿಲಿನಷ್ಟು ಅಗಲದ ಟೀವಿ. ಜೋಡಿಸಲು ಆಪಿಯಾದಿಂದ ಸೆಮಿ ಎಂಬವನು ಬಂದಿದ್ದ. ಬಂದವನೇ ಹಲಸಿನ ಜಾತಿಯ ನಮ್ಮ ದೊಡ್ಡ ಮರವನ್ನು ನೋಡಿ, "ಇದನ್ನ ಕಡೀಬೇಕಲ್ಲಮ್ಮಾ, ಆಕಾಶ ಕಾಣ್ತಿಲ್ಲ" ಅಂದ. ಮೋಸೆ ಚಿಕ್ಕಪ್ಪ ಕುಳಿತಲ್ಲಿಂದಲೇ ಅಂದರು: "ಆಕಾಶ ತಿಂದ್ರೆ ಹೊಟ್ಟೆ ತುಂಬಲ್ಲ. ಬೇರೆ ಜಾಗ ನೋಡಪ್ಪ."

ಅಂಗಳದಲ್ಲಿ ಆಕಾಶ ಕಾಣುವ ಜಾಗ ಇರುವುದು ಒಂದೇ. ಮನೆಯ ಮುಂದೆ, ಅಪ್ಪನ ಗೋರಿಯ ಹತ್ತಿರ. ಸೆಮಿ ಹಿಂದೆ ಸರಿದ. "ಗೋರಿಗೆ ಮೊಳೆ ಹೊಡಿಯೋಕೆ ನನ್ನ ಕೈ ಬರಲ್ಲ ಸ್ವಾಮಿ."

"ಮೊಳೆ ಯಾಕೆ ಹೊಡೀತೀಯ, ತಲೆ ಕಡೆಗೊಂದು ಕೊಳವೆ ನೆಡು. ಬದುಕಿದ್ದಾಗ ಅವನ ಕಿವಿ ತಪ್ಪಿಸಿ ಈ ಊರಲ್ಲಿ ಒಂದು ಸುದ್ದೀನೂ ಹೋಗ್ತಿರಲಿಲ್ಲ. ಈಗಲೂ ಅವನೇ ಹಿಡೀಲಿ ಬಿಡು," ಅಂದರು ಚಿಕ್ಕಪ್ಪ.

ಹೀಗಾಗಿ ಡಿಶ್ಶು ಈಗ ಅಪ್ಪನ ತಲೆದಿಸೆಯಲ್ಲಿದೆ. ಅದಕ್ಕೆ ಎರಡು ಮೂತಿ. ಸೆಮಿ ಹೇಳಿದ: "ಈ ಮೂತಿ ಟೀವೀದು. ಇದು ಬರೀ ಕೇಳಿಸ್ಕೊಳ್ಳುತ್ತೆ. ಆ ಮೂತಿ ಇಂಟರ್ನೆಟ್ದು. ಅದು ಕೇಳಿಸ್ಕೊಳ್ಳೋದೂ ಅಲ್ದೆ ತಿರುಗಿ ಮಾತೂ ಆಡುತ್ತೆ. ಎರಡೂ ಒಳಗೆ ಬಂದು ಒಂದೇ ಟೀವಿಗೆ ಸೇರುತ್ತೆ. ರಿಮೋಟಲ್ಲಿ ಈ ಗುಂಡಿ ಒತ್ತಿದ್ರೆ ಅದು, ಇನ್ನೊಂದ್ಸಲ ಒತ್ತಿದ್ರೆ ಇದು."

"ನಮ್ಮ ಮನೇಲೂ ಹಂಗೇ," ಅಂದರು ಚಿಕ್ಕಪ್ಪ. "ನಾನು ಟೀವಿ, ಅವಳು ಇಂಟರ್ನೆಟ್ಟು." ಚಿಕ್ಕಮ್ಮ ಒಳಗಿಂದ ತಿರುಗಿ ಮಾತಾಡಿದರು. ಅದನ್ನು ಇಲ್ಲಿ ಬರೆಯುವುದಿಲ್ಲ.

ಸಂಜೆ ಟೀವಿ ಹಚ್ಚಿದೆವು. ಗೋಡೆ ಇಲ್ಲದ ಮನೆ, ನಾಲ್ಕೂ ಕಡೆ ಊರು ಬಂದು ಕುಳಿತಿತು. ಪ್ರಾರ್ಥನೆಯ ಶಂಖ ಊದಿದಾಗ ಆರಿಸಿದೆವು, ಪ್ರಾರ್ಥನೆ ಮುಗಿದ ಮೇಲೆ ಮತ್ತೆ ಹಚ್ಚಿದೆವು. ಆ ನಡುವೆ ಇಂಟರ್ನೆಟ್ ಡಬ್ಬಿಯ ಹಸಿರು ದೀಪ ಮಿನುಗುತ್ತಲೇ ಇತ್ತು. ತೆವಿಲಾ ಅತ್ತೆ ಒಂದು ಕಣ್ಣು ತೆರೆದು ಅದನ್ನು ನೋಡುತ್ತಿದ್ದುದನ್ನು ನಾನು ಒಂದು ಕಣ್ಣು ತೆರೆದು ನೋಡಿದೆ.

ಇನ್ನು ಮುಖ್ಯ ವಿಷಯ. ಅಪ್ಪ ತೀರಿಕೊಂಡು ವರ್ಷವಾಗುತ್ತ ಬಂತು. ಕುಟುಂಬದ ಯಜಮಾನನ ಮುಲಿವಾಯ್ ಪದವಿ ಖಾಲಿ ಇದೆ, ಸಭೆಯಲ್ಲಿ ಅಪ್ಪ ಒರಗುತ್ತಿದ್ದ ಕಂಬ ಖಾಲಿ ಇದೆ. ಮೇ ತಿಂಗಳಲ್ಲಿ ಕುಟುಂಬದ ಸಭೆ. ಆ ಕಂಬಕ್ಕೆ ಯಾರು ಒರಗಬೇಕೆಂದು ಎಲ್ಲರೂ ಒಪ್ಪಬೇಕು. ಒಬ್ಬನೇ ಮಗ, ನೀನು ಬರುತ್ತೀ ಎಂದು ಎಲ್ಲರೂ ಅಂದುಕೊಂಡಿದ್ದಾರೆ. ಬಂದರೆ ಒಳ್ಳೆಯದು. ನಾನು ಯಾವ ಪಕ್ಷದವಳೂ ಅಲ್ಲ, ವರದಿಗಾರ್ತಿ ಮಾತ್ರ.

ಅಂಗಳದ ನಡುವೆ ಅಪ್ಪನ ಗೋರಿ,
ಡಿಶ್ಶಿಗೂ ಅಲ್ಲೇ ಆಕಾಶದ ದಾರಿ.

ನಿನ್ನ ಅಕ್ಕ,
ಲಾಂಗಿ


ಮಾಂಗೆರೆ, ಆಕ್ಲೆಂಡ್
ಏಪ್ರಿಲ್ ೨

ಅಕ್ಕಾ,

ನಿನ್ನ ಮಹಾಸಭೆಗೆ ಸೋಫಾದ ನಮಸ್ಕಾರ. ಪ್ರಾಸ ನನಗೆ ಬರುವುದಿಲ್ಲ, ನೇರ ವಿಷಯಕ್ಕೆ ಬರುತ್ತೇನೆ.

ಮೂರು ವಾರದಿಂದ ನಿಮ್ಮ ಡಬ್ಬಿಗೆ ಕರೆ ಮಾಡುತ್ತಿದ್ದೇನೆ. ಹತ್ತುವುದೇ ಇಲ್ಲ. ಕೊನೆಗೆ ಕಂಪನಿಯವರನ್ನು ಕೇಳಿದರೆ, ತಿಂಗಳಿಗೆಂದು ಕೊಟ್ಟ ಇಂಟರ್ನೆಟ್ ಮೊದಲ ವಾರವೇ ಮುಗಿದಿದೆಯಂತೆ. ಟೀವಿ ಮಾತ್ರ ಬರುತ್ತಿದೆಯಂತೆ. ಒಂದು ಮನೆ ಅಷ್ಟು ಕುಡಿಯಲು ಸಾಧ್ಯವೇ ಇಲ್ಲ ಎಂದು ಆ ಹುಡುಗಿ ನನಗೆ ಹೇಳಿದಳು. ನಿನಗೆ ನಮ್ಮ ಮನೆ ಗೊತ್ತಿಲ್ಲ ಎಂದೆ.

ಆಮೇಲೆ ಇಲ್ಲಿನ ಚರ್ಚಿನಲ್ಲಿ ಒಬ್ಬರು ಸಿಕ್ಕಿ, ನಮ್ಮ ಊರಿನ ಪಾದ್ರಿ ಇಲಾಯ ಅವರು ಭಾನುವಾರದ ಪ್ರಕಟಣೆಯಲ್ಲಿ ನಮ್ಮ ಮನೆಯ ಪಾಸ್‌ವರ್ಡ್ ಓದಿದರೆಂದು ಹೊಗಳಿದರು. ಮಂಗಳವಾರ ಮಹಿಳಾ ಸಂಘ, ಬುಧವಾರ ಹಾಡಿನ ತಾಲೀಮು, ಫಲನಿಕೊ ಮನೆಯ ಪಾಸ್‌ವರ್ಡ್ ಇಂಥದ್ದು, ಕೊಟ್ಟವನನ್ನು ದೇವರು ಕಾಯಲಿ. ಅಕ್ಕಾ, ಪಾಸ್‌ವರ್ಡ್ ಅಂದರೆ ಹೇಳಬಾರದ್ದು. ಅದಕ್ಕಾಗಿಯೇ ಅದು ಇರುವುದು. ಬದಲಾಯಿಸು.

ನಿಜ ಹೇಳುತ್ತೇನೆ. ಟೀವಿ ನಿಮಗೆ ಕಳಿಸಿದ್ದು, ಇಂಟರ್ನೆಟ್ ನನಗಾಗಿ ಕಳಿಸಿದ್ದು. ಮೇ ತಿಂಗಳಲ್ಲಿ ನಾನು ಬರಲಾರೆ. ವಿಮಾನ ನಿಲ್ದಾಣದ ಗೋದಾಮಿನಲ್ಲಿ ಈಗಷ್ಟೇ ಮೇಸ್ತ್ರಿ ಮಾಡಿದ್ದಾರೆ, ರಜೆ ಕೇಳಿದರೆ ಆ ಕುರ್ಚಿಗೆ ಇನ್ನೊಬ್ಬ ಬಂದು ಕೂರುತ್ತಾನೆ. ಅದಕ್ಕೇ ಆ ದಿನ ಟೀವಿಯನ್ನು ಅಪ್ಪನ ಕಂಬಕ್ಕೆ ಒರಗಿಸಿ ಇಡಿ. ಮೇಲೆ ಪುಟ್ಟ ಕ್ಯಾಮೆರಾ ಇದೆ. ನಾನು ನಿಮ್ಮನ್ನೆಲ್ಲ ನೋಡುತ್ತೇನೆ, ನೀವು ನನ್ನನ್ನು ನೋಡುತ್ತೀರಿ. ಕುಳಿತಂತೆಯೇ ಆಯಿತು.

ಫೋನಿನಲ್ಲೇ ಇದನ್ನೆಲ್ಲ ಹೇಳಬಹುದಿತ್ತು. ಆದರೆ ಅಪ್ಪನನ್ನು ಮಣ್ಣು ಮಾಡಿದ ಮಾರನೆಯ ದಿನವೇ ನಾನು ವಿಮಾನ ಹತ್ತಿದಾಗಿನಿಂದ ಫೋನಿನಲ್ಲಿ ನಾವಿಬ್ಬರೂ ಎರಡನೆಯ ಮಾತಿಗೇ ಜಗಳಕ್ಕೆ ಬೀಳುತ್ತೇವೆ. ಕಾಗದವೇ ವಾಸಿ. ಇದನ್ನು ಊರಿಗೆ ಬರುತ್ತಿರುವವರ ಕೈಯಲ್ಲಿ ಕೊಡುತ್ತಿದ್ದೇನೆ.

ನಿನ್ನ ತಮ್ಮ,
ಫಲನಿಕೊ


ಲೋತೊಮಾಲು
ಏಪ್ರಿಲ್ ೨೪

ಗಡಿಯಾಚೆಯ ಗಣ್ಯನೇ, ಗೋದಾಮಿನ ಮಾನ್ಯನೇ,

ಪಾಸ್‌ವರ್ಡ್ ಬದಲಾಯಿಸಿದೆ. ಫಲಿತಾಂಶ ಹೀಗಿದೆ. ಮಾರನೆಯ ದಿನ ಬೆಳಿಗ್ಗೆ ಯಾರೂ ಬೈಯಲಿಲ್ಲ. ಬದಲಿಗೆ ಮೂರು ಮನೆಗಳಿಂದ ಕೆಸುವಿನ ಎಲೆಯ ಪಲುಸಾಮಿ ಬಂತು, ಒಂದು ಮನೆಯಿಂದ ಕೋಕೋ ಬಂತು. ಮಾತಿಲ್ಲದೆ ಇಟ್ಟು ಹೋದರು. ತೆವಿಲಾ ಅತ್ತೆ ಎಲೆ ಬಿಚ್ಚುತ್ತ, "ಸಾವಿನ ಮನೆಗೆ ಹಿಂಗೇ ಕಳಿಸೋದು" ಅಂದರು. "ಗೋಡೆ ಇಲ್ಲದ ಮನೇಲಿ ಗೋಡೆ ಕಟ್ಟಿದೀಯ. ತಿನ್ನು."

ಭಾನುವಾರ ಪಾದ್ರಿಗಳು ಹಾಡಿನ ನಾಲ್ಕೂ ಚರಣಗಳನ್ನು ನನ್ನನ್ನೇ ನೋಡುತ್ತ ಹಾಡಿದರು. ಹೊರಗೆ ಬಂದಮೇಲೆ ಹೊಸ ಪಾಸ್‌ವರ್ಡನ್ನು ಅವರ ಕೈಗೆ ಕೊಟ್ಟುಬಿಟ್ಟೆ. ನೀನು ಅಲ್ಲಿದ್ದು ಬೀಗ ಹಾಕಬಹುದು. ಇಲ್ಲಿದ್ದು ಹಾಕಲಾಗುವುದಿಲ್ಲ.

ಆದರೆ ಒಂದು ಒಪ್ಪಂದವಾಗಿದೆ. ಮೇ ಮೊದಲ ದಿನದಿಂದ ಸಭೆಯ ದಿನದವರೆಗೆ ಊರಿಗೆ ಊರೇ ಇಂಟರ್ನೆಟ್ ಮುಟ್ಟುವುದಿಲ್ಲ. ಪಾದ್ರಿಗಳು ಇದನ್ನು ಉಪವಾಸವೆಂದು ಸಾರಿದ್ದಾರೆ. ನಿನ್ನ ಮುಖ ಚೆನ್ನಾಗಿ ಬರಲೆಂದು ಇಷ್ಟು ಜನ ಉಪವಾಸ ಇರುತ್ತಾರೆ, ಗಡ್ಡ ಕೆರೆದುಕೊಂಡು ಕೂರು.

ಈಗ ಟೀವಿ ಸಭೆಯಲ್ಲಿ ಕೂರುವ ಪ್ರಶ್ನೆ. ಮೋಸೆ ಚಿಕ್ಕಪ್ಪನ ಮುಂದೆ ಇಟ್ಟೆ. ಅವರು ಮೂರು ದಿನ ಯೋಚಿಸಿದರು.

"ಕಾಲು ಮಡಿಸ್ಕೊಂಡು ಕೂರುತ್ತಾ?"

"ಕಾಲಿಲ್ಲ ಚಿಕ್ಕಪ್ಪ. ಮೇಜಿನ ಮೇಲೆ ಇಡೋದು."

"ಮೇಜಾ? ನಾವೆಲ್ಲ ಚಾಪೆ ಮೇಲೆ ಕೂತಿರ್ತೀವಿ, ಅವನೊಬ್ಬ ತಲೆ ಎತ್ತರಕ್ಕೆ ಇಟ್ಕೊಂಡು ಕೂರ್ತಾನಾ? ಅವರಪ್ಪ ಕೂರಲಿಲ್ಲ ಹಂಗೆ."

"ಹಂಗಾದ್ರೆ ಚಾಪೆ ಮೇಲೇ ಇಡೋಣ."

"ಆವಾ ಬಂದಾಗ?"

ಇದು ಗಂಭೀರವಾದ ಪ್ರಶ್ನೆ. ಆವಾ ಬೇರಿನ ಪಾನಕದ ಚಿಪ್ಪನ್ನು ಪದವಿಯ ಪ್ರಕಾರ ಒಬ್ಬೊಬ್ಬರಿಗೆ ಕೊಡುವಾಗ ನಿನ್ನ ಸರದಿ ಬಂದರೆ ಯಾರು ಕುಡಿಯಬೇಕು? ಟೀವಿಯ ಮುಂದೆ ಚೂರು ಸುರಿಯೋಣ ಎಂದರು ಅತ್ತೆ. ವಿದ್ಯುತ್ತಿನ ಸಾಮಾನು, ಬೇಡ ಎಂದೆ ನಾನು. ಕೊನೆಗೆ ನಿನ್ನ ಪಾಲನ್ನು ತಾವೇ ಕುಡಿಯುವುದೆಂದು ಚಿಕ್ಕಪ್ಪ ತೀರ್ಮಾನಿಸಿದರು. ಅವರ ತೀರ್ಮಾನಗಳು ಸಾಮಾನ್ಯವಾಗಿ ಅವರ ಬಾಯಾರಿಕೆಯ ದಿಕ್ಕಿನಲ್ಲೇ ಇರುತ್ತವೆ.

ಅಷ್ಟರಲ್ಲಿ ಅತ್ತೆ ಚಾಪೆ ಹೆಣೆಯುತ್ತಲೇ ಅಂದರು: "ಇಷ್ಟೆಲ್ಲಾ ಒದ್ದಾಡೋ ಬದಲು ಇವಳೇ ಕೂತರೇನಂತೆ? ವರ್ಷದಿಂದ ಊರಿನ ಕೆಲಸಕ್ಕೆಲ್ಲ ಈ ಮನೆಯಿಂದ ಹೋಗ್ತಿರೋಳು ಇವಳೇ ತಾನೇ?"

ನಮ್ಮೂರಲ್ಲಿ ಹೆಂಗಸರು ಆ ಕಂಬಗಳಿಗೆ ಒರಗಿಲ್ಲ. ಒರಗಬಾರದೆಂದು ಯಾರೂ ಬಾಯಿಬಿಟ್ಟು ಹೇಳಿಯೂ ಇಲ್ಲ. ನನಗೆ ಶಾಲೆಯ ಉತ್ತರಪತ್ರಿಕೆ ತಿದ್ದಲೇ ಹೊತ್ತಿಲ್ಲ ಎಂದು ನಗಿಸಿ ಎದ್ದು ಬಂದೆ.

ಸಭೆ ಮೇ ಹದಿನೇಳು, ಶನಿವಾರ. ಅದೇ ಮಧ್ಯಾಹ್ನ ಏಳು ಜನರ ರಗ್ಬಿಯ ಅಂತಿಮ ಪಂದ್ಯವೂ ಇದೆ ಎಂದು ಎಲ್ಲರಿಗೂ ಗೊತ್ತು. ದಿನ ಬದಲಿಸೋಣ ಎಂದು ಯಾರ ಬಾಯಿಂದಲೂ ಬರಲಿಲ್ಲ. ಅಷ್ಟು ಭಕ್ತಿ ಇದೆ, ನೋಡು.

ಕಾಲಿಲ್ಲದವ ಕಾಲು ಮಡಿಸುವುದು ಹೇಗೆ?
ಚರ್ಚೆ ಮುಗಿಯದೆ ತಲೆಯ ತುಂಬಾ ಹೊಗೆ.

ವರದಿಗಾರ್ತಿ,
ಲಾಂಗಿ


ಮಾಂಗೆರೆ
ಮೇ ೧೯

ಅಕ್ಕಾ,

ಗೋದಾಮಿನ ಊಟದ ವಿರಾಮದಲ್ಲೇ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ತಿದ್ದಬೇಡ.

ಮೊದಲ ಅರ್ಧಗಂಟೆ ಕಷ್ಟವಾಯಿತು, ಗೊತ್ತು. ಚಿಕ್ಕಪ್ಪನ ಸ್ವಾಗತದ ಮಾತು ಅರ್ಧ ಕೇಳಿತು. ಆಮೇಲೆ ಧ್ವನಿ ಪೂರ್ತಿ ನಿಂತಿತು. ನಿಮ್ಮ ಕಡೆಯೂ ನನ್ನ ಚಿತ್ರ ಕೆಟ್ಟಿತೇನೋ ಎಂದು ಹೆದರಿದ್ದೆ. ಆದರೆ ನಿಮ್ಮೆಲ್ಲರ ಮುಖ ನನಗೆ ಕಾಣುತ್ತಿತ್ತು. ಎಲ್ಲರೂ ನನ್ನ ಕಡೆಗೇ ನೋಡುತ್ತಿದ್ದಿರಿ. ಒಬ್ಬರೂ ತೂಕಡಿಸುತ್ತಿರಲಿಲ್ಲ. ಅಪ್ಪ ಮಾತಾಡುವಾಗಲೂ ಅಷ್ಟು ಗಮನ ಕೊಟ್ಟು ಕೂತವರನ್ನು ನಾನು ನೋಡಿಲ್ಲ. ಆಗ ಧೈರ್ಯ ಬಂತು. ಬರೆದಿಟ್ಟಿದ್ದ ಭಾಷಣ ಪಕ್ಕಕ್ಕಿಟ್ಟೆ.

ಮಣ್ಣಿನ ದಿನ ಹೇಳಲಾಗದ್ದನ್ನೆಲ್ಲ ಹೇಳಿದೆ. ಯಾಕೆ ಮಾರನೆಯ ದಿನವೇ ಹೋದೆ ಎಂದು ಹೇಳಿದೆ. ಅಪ್ಪ ಕೊನೆಯ ಸಲ ನನ್ನೊಂದಿಗೆ ಫೋನಿನಲ್ಲಿ ಏನು ಮಾತಾಡಿದ ಎನ್ನುವುದನ್ನು ನಿನಗೂ ಹೇಳಿರಲಿಲ್ಲ, ಅದನ್ನೂ ಹೇಳಿದೆ.

ನಡುವೆ ನೀವೆಲ್ಲ ಚಪ್ಪಾಳೆ ತಟ್ಟಿದಾಗ ನಿಲ್ಲಿಸಬೇಕಾಯಿತು. ಎಳನೀರಿಗೆಂದು ಎದ್ದವರೂ ಓಡಿಬಂದು ಮತ್ತೆ ನನ್ನ ಮುಂದೆ ಕೂತರು. ಕೊನೆಗಂತೂ ಮೋಸೆ ಚಿಕ್ಕಪ್ಪ ಎದ್ದೇ ನಿಂತರು. ಕುಟುಂಬದ ಸಭೆಯಲ್ಲಿ ಚಿಕ್ಕಪ್ಪ ಎದ್ದು ನಿಂತರು, ಅಕ್ಕಾ. ಕೂತವರ ನಡುವೆ ನಿಲ್ಲಬಾರದೆಂದು ನನ್ನ ಬೆನ್ನಿಗೆ ಎಷ್ಟು ಸಲ ಹೊಡೆದಿದ್ದಾರೆ ಅವರು. ಅತ್ತೆ ಕಣ್ಣೊರೆಸಿಕೊಂಡರು. ನೀನೂ ಚಪ್ಪಾಳೆ ತಟ್ಟಿದೆ, ನೋಡಿದೆ. ಅಷ್ಟರಲ್ಲಿ ಚಿತ್ರವೂ ಹೋಯಿತು.

ನನ್ನ ಹೆಂಡತಿ ಪಕ್ಕದಲ್ಲೇ ಇದ್ದಳು. "ನಿನ್ನನ್ನ ಇಷ್ಟು ಇಷ್ಟಪಡ್ತಾರೆ ಅಂತ ನನಗೆ ಗೊತ್ತಿರಲಿಲ್ಲ" ಅಂದಳು. ನನಗೂ ಗೊತ್ತಿರಲಿಲ್ಲ.

ಪದವಿ ಕೊಡುವ ಸಮಾರಂಭದ ದಿನ ತಿಳಿಸು. ಅದಕ್ಕೆ ಹೇಗಾದರೂ ರಜೆ ಹಾಕಿ ಬರುತ್ತೇನೆ.

ನಿನ್ನ ತಮ್ಮ,
ಫಲನಿಕೊ


ಮಾಂಗೆರೆ
ಜೂನ್ ೮

ಅಕ್ಕಾ,

ನಿನ್ನ ಕಾಗದ ಬರಲಿಲ್ಲ. ಚಿಕ್ಕಪ್ಪನಿಗೆ ಫೋನ್ ಮಾಡಿದರೆ, "ಅಕ್ಕ ಬರೀತಾಳೆ, ಅಕ್ಕ ಬರೀತಾಳೆ" ಎಂದು ಇಟ್ಟುಬಿಡುತ್ತಾರೆ.

ಇಲ್ಲಿ ಚರ್ಚಿನವರಿಗೆ ಹೇಳಿದ್ದೇನೆ. ಹೆಂಗಸರು ಸಮಾರಂಭಕ್ಕೆ ಕೊಡಲು ನವಿರು ಚಾಪೆಗಳನ್ನು ಕೂಡಿಸುತ್ತಿದ್ದಾರೆ. ಮಕ್ಕಳು ನನ್ನನ್ನು ಈಗಲೇ ಮುಲಿವಾಯ್ ಎಂದು ಕರೆದು ಚುಡಾಯಿಸುತ್ತಾರೆ. ಬೇಡ ಎನ್ನುತ್ತೇನೆ, ಅಷ್ಟೇನೂ ಜೋರಾಗಿ ಅಲ್ಲ.

ಯಾವ ದಿನ ಎಂದು ಒಂದು ಸಾಲು ಬರೆ. ಪ್ರಾಸ ಇದ್ದರೂ ಸರಿ.

ಫಲನಿಕೊ


ಲೋತೊಮಾಲು
ಜೂನ್ ೧೫

ಪೂರ್ವದ ಕಂಬದ ಗಣ್ಯರೇ, ಪಶ್ಚಿಮದ ಕಂಬದ ಮಾನ್ಯರೇ, ನನ್ನ ತಮ್ಮನೇ,

ಕಾಗದ ತಡವಾಯಿತು. ಮೂರು ಸಲ ಬರೆದು ಹರಿದೆ. ಮೂರರಲ್ಲೂ ಪ್ರಾಸ ಚೆನ್ನಾಗಿತ್ತು. ಸಭೆಯಲ್ಲಿ ನಡೆದದ್ದನ್ನು ನಡೆದಂತೆ ಬರೆಯುತ್ತೇನೆ.

ಊರಿನ ಉಪವಾಸ ನಿಜಕ್ಕೂ ಕಟ್ಟುನಿಟ್ಟಾಗಿತ್ತು. ಇಂಟರ್ನೆಟ್ ಮುಟ್ಟಬಾರದೆಂದಮೇಲೆ ಜನಕ್ಕೆ ಉಳಿದದ್ದು ನಮ್ಮ ಟೀವಿಯೊಂದೇ. ಸಭೆಯ ದಿನ ಊರೆಲ್ಲ ಬಂದು ಮನೆಯ ಸುತ್ತ ಕುಳಿತಿತು, ನಿನ್ನನ್ನು ನೋಡಲು. ಹಾಗೆಂದು ಎಲ್ಲರೂ ಹೇಳಿದರು.

ನಿನ್ನನ್ನು ಅಪ್ಪನ ಕಂಬಕ್ಕೆ ಒರಗಿಸಿದೆವು. ಕೊರಳಿಗೆ ಹೂಮಾಲೆಯನ್ನೂ ಹಾಕಿದ್ದೆವು. ಚಿಕ್ಕಪ್ಪ ಸ್ವಾಗತ ಹೇಳಿದರು, ನಿನ್ನ ಪಾಲಿನ ಆವಾ ಕುಡಿದರು. ನೀನು ಬಾಯಿ ತೆರೆದೆ. ಅಲ್ಲಿಗೆ ಚಿತ್ರ ನಿಂತುಹೋಯಿತು. ತೆರೆದ ಬಾಯಿ ತೆರೆದೇ ಇತ್ತು, ಒಳಗಿನ ಹಲ್ಲೆಲ್ಲ ಕಾಣುತ್ತಿದ್ದವು. ಧ್ವನಿಯೂ ಇಲ್ಲ. ಎಲ್ಲರೂ ತಲೆ ತಗ್ಗಿಸಿ ಕಾದರು.

ಚಿಕ್ಕಪ್ಪನೇ ಮೊದಲು ಮಾತಾಡಿದ್ದು. "ಸಭೇಲಿ ಹಿಂಗೆ ಹಲ್ಲು ತೋರಿಸ್ಕೊಂಡು ಕೂರೋದು ಅವನಿಗೂ ಮರ್ಯಾದೆ ಅಲ್ಲ, ನಮಗೂ ಅಲ್ಲ. ಅವನು ಸರಿ ಹೋಗೋ ತನಕ ಮುಚ್ಚಿಡೋಣ." ಎಂದು ರಿಮೋಟಿನ ಗುಂಡಿ ಒತ್ತಿದರು. ನಿನ್ನ ಮಾನ ಕಾಯಲೆಂದೇ ಒತ್ತಿದ್ದು. ಫೀಜಿ ತಂಡದ ಮೇಲಿನ ರಗ್ಬಿ ಪಂದ್ಯ ಅದೇ ತಾನೇ ಶುರುವಾಗಿತ್ತು.

"ಒಂದು ನಿಮಿಷ ನೋಡೋಣ," ಅಂದರು ಚಿಕ್ಕಪ್ಪ. "ಅವನಿಗೂ ಸುಧಾರಿಸ್ಕೊಳ್ಳೋಕೆ ಹೊತ್ತು ಬೇಕಲ್ಲ."

ಫಲನಿಕೊ, ನೀನು ನೋಡಿದ್ದು ಅದನ್ನು. ನಾವು ಕಣ್ಣು ಮಿಟುಕಿಸದೆ ನೋಡುತ್ತಿದ್ದುದು ಪಂದ್ಯವನ್ನು. ಕ್ಯಾಮೆರಾ ಟೀವಿಯ ನೆತ್ತಿಯ ಮೇಲಿತ್ತು, ಅದಕ್ಕೇ ನಿನ್ನನ್ನು ನೋಡಿದಂತೆ ಕಂಡಿತು. ಚಪ್ಪಾಳೆ ತಟ್ಟಿದ್ದು ನಮ್ಮ ಹುಡುಗರು ಗೆರೆ ದಾಟಿ ಚೆಂಡು ಊರಿದಾಗ. ಕೊನೆಯ ಗಳಿಗೆಯಲ್ಲಿ ಒಬ್ಬ ಸೊಂಟ ತಿರುಗಿಸಿ ಮೂವರನ್ನು ತಪ್ಪಿಸಿ ಓಡಿದ. ಆಗ ಚಿಕ್ಕಪ್ಪ ಎದ್ದು ನಿಂತರು. ಕೂರಿಸಲು ಇಬ್ಬರು ಬೇಕಾಯಿತು. ಅತ್ತೆ ಕಣ್ಣೊರೆಸಿಕೊಂಡದ್ದೂ ಅದಕ್ಕೇ.

ಪಂದ್ಯ ಮುಗಿದು ಗುಂಡಿ ಒತ್ತಿದರೆ ನೀನು ಇರಲಿಲ್ಲ. ಕಪ್ಪು ಪರದೆ, ಅದರ ಮೇಲೆ ಹೂಮಾಲೆ. ಗೋರಿಗೆ ಹಾಕಿದಂತೆ ಕಾಣುತ್ತದೆಂದು ಅತ್ತೆ ಮಾಲೆ ತೆಗೆದರು. ಗೆದ್ದ ಸಂತೋಷಕ್ಕೆ ಊರಿನವರ ಉಪವಾಸವೂ ಮುರಿದಿತ್ತು, ಇಂಟರ್ನೆಟ್ಟಿನಲ್ಲಿ ತಮ್ಮ ತಮ್ಮ ಮಕ್ಕಳೊಂದಿಗೆ ಕೂಗಾಡುತ್ತಿದ್ದರು.

ಆಮೇಲೆ ಸಭೆ ಮುಂದುವರಿಯಿತು. ಯಾರೂ ನಿನ್ನ ವಿರುದ್ಧ ಒಂದು ಮಾತೂ ಆಡಲಿಲ್ಲ. ಅತ್ತೆ ಮಾತ್ರ ಕೇಳಿದರು, "ಊರಲ್ಲೊಂದು ಸಾವಾದರೆ ಬೆಳಗಾಗೋ ಹೊತ್ತಿಗೆ ಹೋಗಿ ಕೂರೋರು ಯಾರು? ಇದನ್ನ ಹೊತ್ಕೊಂಡು ಹೋಗೋದಾ?" ಎಂದು ಟೀವಿ ತೋರಿಸಿದರು. ಎಲ್ಲರೂ ನಕ್ಕರು. ನಗು ನಿಂತಮೇಲೆ ಚಿಕ್ಕಪ್ಪ ನನ್ನ ಕಡೆ ತಿರುಗಿ, "ಲಾಂಗಿ, ನಿನ್ನ ಮನಸ್ಸಲ್ಲಿ ಏನಿದೆ ಮಗಳೇ?" ಎಂದರು.

ಅಕ್ಕನಾದವಳು ತಮ್ಮನ ಹತ್ತಿರ ಕೇಳಬಾರದು, ತಮ್ಮನೇ ಅರಿತು ಕೊಡಬೇಕು. ನಾವು ಬೆಳೆದದ್ದು ಹಾಗೆ. ನಿನ್ನ ತಟ್ಟೆಯ ಮೀನಿನ ತಲೆ ನಾನು ಕೇಳದೆಯೇ ನನ್ನ ತಟ್ಟೆಗೆ ಬರುತ್ತಿತ್ತು. ನಾನು ಕೇಳಿದ್ದರೆ ಅವಮಾನ ನಿನಗಲ್ಲ, ನನಗೆ. ಅದಕ್ಕೇ, "ನನ್ನದೇನೂ ಇಲ್ಲ, ಫಲನಿಕೊ ಹೇಳಿದ ಹಾಗೆ" ಎಂದೆ. ಸಭೆ ನಿನ್ನ ಒಪ್ಪಿಗೆ ಬರುವವರೆಗೆ ಎಂದು ಮುಂದಕ್ಕೆ ಹೋಗಿದೆ. ಯಾರ ಹೆಸರೂ ಆಗಿಲ್ಲ. ಮಾಂಗೆರೆಯ ಹೆಂಗಸರಿಗೆ ಚಾಪೆ ಕೂಡಿಸುವುದನ್ನು ಸದ್ಯಕ್ಕೆ ನಿಲ್ಲಿಸಲು ಹೇಳು.

ಅಪ್ಪ ಕೊನೆಗೆ ಏನು ಹೇಳಿದ ಎಂದು ಇಲ್ಲಿ ಯಾರೂ ಕೇಳಲಿಲ್ಲ. ಬರೆದು ಕಳಿಸು. ನಾನೇ ಓದಿ ಹೇಳುತ್ತೇನೆ, ಟೀವಿ ಆರಿಸಿ.

ಇಲ್ಲಿಗೆ ವರದಿ ಮುಗಿಯಿತು ಎಂದು ಬರೆದು ಕೆಳಗೆ ಪ್ರಾಸವನ್ನೂ ಹಾಕಿದ್ದೆ. ಅದನ್ನು ಹೊಡೆದುಹಾಕಿದ್ದೇನೆ.

ಪಂದ್ಯದ ವಿರಾಮದಲ್ಲಿ ಎಲ್ಲರೂ ಎಳನೀರಿಗೆಂದು ಎದ್ದಾಗ ರಿಮೋಟು ನನ್ನ ಕೈಯಲ್ಲಿತ್ತು. ಗುಂಡಿ ಒತ್ತಿದೆ. ನೀನು ಬಂದೆ. ಧ್ವನಿ ಇರಲಿಲ್ಲ, ಚಿತ್ರ ಸರಿಯಾಗಿತ್ತು, ನಿನ್ನ ತುಟಿ ಅಲುಗುತ್ತಿತ್ತು. ಏನೋ ಮುಖ್ಯವಾದದ್ದನ್ನು ಹೇಳುತ್ತಿದ್ದೆ ಎಂದು ಮುಖ ನೋಡಿದರೇ ತಿಳಿಯುತ್ತಿತ್ತು. ಎಲ್ಲರನ್ನೂ ಕರೆಯಬಹುದಿತ್ತು. ನಾನು ಪಂದ್ಯಕ್ಕೆ ಒತ್ತಿದೆ.

ನಾನು ಯಾವ ವರದಿಗಾರ್ತಿಯೂ ಅಲ್ಲ, ಫಲನಿಕೊ. ಆ ಕಂಬ ನನಗೆ ಬೇಕು.

ಲಾಂಗಿ